ಅಣ್ಣನ ತಿಥಿ ಪುಸ್ತಕಕ್ಕೆ ನಾನು ಹಾಕಿದ ಫಿಲ್ಟರು

ಕೇಳದೇ ಉಪಕಾರ ಮಾಡುವ ಕಾಯಿಲೆ ಕೆಲವರಿಗೆ ಇರುತ್ತದೆ. ನನಗೂ ಇದೆ ಎಂಬುದನ್ನು ನಮ್ಮ ಓಣಿಯವರೆಲ್ಲ ಒಪ್ಪುತ್ತಾರೆ. ಪಕ್ಕದ ಮನೆಯ ಮಿಕ್ಸಿ ಕಿರ್ರೆಂದರೆ ಸಾಕು, ಸ್ಕ್ರೂಡ್ರೈವರ್ ಹಿಡಿದು ಹೋಗಿಬಿಡುತ್ತೇನೆ. ನಾನು ವಾಪಸು ಬರುವಷ್ಟರಲ್ಲಿ ಸದ್ದು ನಿಂತಿರುತ್ತದೆ, ಮಿಕ್ಸಿಯೂ ನಿಂತಿರುತ್ತದೆ. ಹೊಸಪೇಟೆಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿರುವ ನಾನು, ಒಂದಕ್ಷರ ಕೋಡ್ ಬರೆಯದೇ ಮೊಬೈಲ್ ಆ್ಯಪ್ ಕಟ್ಟುವ ವಿದ್ಯೆಯನ್ನು ವಿಡಿಯೋ ನೋಡಿ ಕಲಿತೆ. ಕಲಿತ ಮೇಲೆ ಯಾರ ಮೇಲಾದರೂ ಪ್ರಯೋಗಿಸಬೇಕಲ್ಲ! ಹೆಂಡತಿಗೆ ಕಿರಾಣಿಯ ಆ್ಯಪ್ ಮಾಡಿಕೊಡುತ್ತೇನೆಂದೆ. "ಆ್ಯಪ್ ಬ್ಯಾಡ, ಕಿರಾಣಿ ತಂದುಕೊಡ್ರಿ ಸಾಕು" ಎಂದಳು. ಹೀಗಾಗಿ ನಮ್ಮಣ್ಣ ನನ್ನ ಕೈಗೆ ಸಿಕ್ಕಿಬಿದ್ದ.

ಅಣ್ಣ ಪುರೋಹಿತ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಹೊಸಪೇಟೆಯ ಮನೆಗಳಲ್ಲದೆ ಕಮಲಾಪುರ, ಹಂಪಿ, ಸಂಡೂರು, ಕಂಪ್ಲಿಯವರೆಗೂ ಅವನಿಂದ ಪೂಜೆ, ಶ್ರಾದ್ಧ ಮಾಡಿಸುವ ಯಜಮಾನರಿದ್ದಾರೆ. ಯಾರ ಮನೆಯಲ್ಲಿ ಯಾವ ತಿಥಿಗೆ ಯಾರ ಶ್ರಾದ್ಧ ಎಂಬುದೆಲ್ಲ ನಮ್ಮಪ್ಪನ ಕಾಲದ ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿತ್ತು. ಪುಸ್ತಕವೆಂದರೆ ಹೆಸರಿಗೆ ಮಾತ್ರ. ಅಕ್ಷರಗಳು ನೆಟ್ಟಗೆ, ಅಡ್ಡಡ್ಡ, ತಲೆಕೆಳಗಾಗಿ, ಜಾಗ ಸಿಕ್ಕಲ್ಲೆಲ್ಲ ಕೂತಿದ್ದವು. ಹೆಸರಿನ ಪಕ್ಕದಲ್ಲಿ "ಹಸಿರು ಗೇಟು, ನಾಯಿ ಕಟ್ಟಿರಂಗಿಲ್ಲ" ಎಂದೋ, "ಇಲ್ಲಿ ಜಲ್ದಿ ಜಲ್ದಿ ಅಂತಾರ, ಕಿವಿಗೆ ಹಾಕ್ಕೋಬ್ಯಾಡ" ಎಂದೋ, "ಮಂತ್ರ ಹಾರಿಸಿದ್ರ ಅಜ್ಜಿ ಹಿಡೀತಾಳ" ಎಂದೋ ಎಚ್ಚರಿಕೆಗಳು. ಇದನ್ನು ನೋಡಿ ನನ್ನ ಗುಮಾಸ್ತ ಹೃದಯ ಚುರ್ರೆಂದಿತು. ಹೋದ ವರ್ಷ, ಹಿರಿಯರ ಶ್ರಾದ್ಧಗಳು ಸಾಲಾಗಿ ಬರುವ ಪಕ್ಷಮಾಸಕ್ಕೆ ಮುಂಚೆ, ಎಂಟು ಸಂಜೆ ಕೂತು ಅಷ್ಟನ್ನೂ ಅಣ್ಣನ ಫೋನಿನಲ್ಲಿ ಒಂದು ಟೇಬಲ್ಲಿಗೆ ಇಳಿಸಿದೆ. ಹೆಸರಿಗೊಂದು ಕಾಲಂ, ಊರಿಗೊಂದು, ಗೋತ್ರಕ್ಕೊಂದು, ತಿಥಿಗೊಂದು. ಅಣ್ಣ ಕನ್ನಡಕ ಏರಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ: "ನಾಯಿ ಕಾಲಂ ಎಲ್ಲದನೋ?"

ನಾಯಿಗೂ ಒಂದು ಕಾಲಂ ಹಾಕಿದೆ. ಆಮೇಲೆ ತಿಥಿಗಳನ್ನು ಕ್ರಮವಾಗಿ ಜೋಡಿಸಲು ಗುಂಡಿ ಒತ್ತಿದರೆ ಅದು ಅಕಾರಾದಿಯಾಗಿ ಜೋಡಿಸಿ ಅಮಾವಾಸ್ಯೆಯನ್ನು ಮೊದಲು ತಂದು ಕೂರಿಸಿತು. "ಪಕ್ಷಮಾಸ ಮುಗಿಯೋ ದಿನದಿಂದಲೇ ಶುರು ಮಾಡಂತದೇನು ನಿನ್ನ ಫೋನು?" ಎಂದ ಅಣ್ಣ. ಅದನ್ನೂ ಸರಿಪಡಿಸಿದೆ. ನನ್ನ ಹೆಮ್ಮೆಯ ಸೃಷ್ಟಿ ಎಂದರೆ ಕೊನೆಯ ಕಾಲಮ್ಮು. ಅದರ ಹೆಸರು 'ಮುಗಿಯಿತು'. ಶ್ರಾದ್ಧ ಮುಗಿಸಿ ಅಲ್ಲೊಂದು ಟಿಕ್ ಹಾಕಿದರೆ ಸಾಕು, ಆ ಸಾಲು ಕಣ್ಣಿಂದ ಮರೆಯಾಗುವ ಹಾಗೆ ಫಿಲ್ಟರ್ ಹಾಕಿದ್ದೆ. ಅಣ್ಣನಿಗೆ ಅದು ಬಹಳ ಹಿಡಿಸಿತು. ಸಂಜೆ ದಣಿದು ಬಂದವನು ಕಾಲು ತೊಳೆಯುವ ಮುಂಚೆ ಟಿಕ್ ಹಾಕುತ್ತಿದ್ದ. ಹೆಸರು ಮಾಯವಾದದ್ದನ್ನು ಅತ್ತಿಗೆಗೆ ಕರೆದು ತೋರಿಸುತ್ತಿದ್ದ. ಅಮಾವಾಸ್ಯೆಯ ಹೊತ್ತಿಗೆ ಟೇಬಲ್ ಹೆಚ್ಚುಕಡಿಮೆ ಬರಿದಾಯಿತು. "ಮಸ್ತ್ ಮಾಡೀಯೋ, ತಲಿ ಹಗುರಾತು" ಎಂದು ಕೆಂಪು ಪುಸ್ತಕವನ್ನು ಅಟ್ಟಕ್ಕೆ ಹಾಕಿದ. ಹುಟ್ಟಿದಾಗಿನಿಂದ ಅಣ್ಣ ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಈ ವರ್ಷ ಪಕ್ಷಮಾಸ ಬಂತು. ಟೇಬಲ್ ತೆರೆದರೆ ಮೂರೇ ಹೆಸರು. ಅಣ್ಣ ದೊಡ್ಡ ನಿಟ್ಟುಸಿರು ಬಿಟ್ಟು, "ಜನಕ್ಕ ಹಿರೇರ ಮ್ಯಾಲಿನ ಭಕ್ತಿ ಹೋಗ್ಯದ ನೋಡು" ಎಂದ. ನಾನೂ ತಲೆಯಾಡಿಸಿ, ಕಾಲವೇ ಹಾಗಿದೆ, ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದು ಐದು ನಿಮಿಷ ಭಾಷಣ ಮಾಡಿದೆ. ಅಷ್ಟರಲ್ಲಿ ಹೊಸಪೇಟೆಯ ಯಜಮಾನರು ಒಬ್ಬೊಬ್ಬರೇ ಫೋನ್ ಮಾಡಿ ತಮ್ಮ ತಮ್ಮ ದಿನ ಖಾತ್ರಿ ಮಾಡಿಕೊಂಡರು. ಭಕ್ತಿ ಪೂರ್ತಿ ಹೋಗಿಲ್ಲವೆಂದು ಅಣ್ಣನಿಗೆ ಸಮಾಧಾನವಾಯಿತು. ಟೇಬಲ್ಲಿನಲ್ಲಿ ಇಲ್ಲದವರು ಫೋನ್ ಮಾಡುತ್ತಿದ್ದಾರಲ್ಲ, ಏಕೆ ಎಂದು ನಾವಿಬ್ಬರು ಬುದ್ಧಿವಂತರೂ ಯೋಚಿಸಲಿಲ್ಲ.

ಬಿದಿಗೆ ಭಾನುವಾರ ಬಿತ್ತು. ಆ ದಿನಕ್ಕೆ ಯಾರ ಹೆಸರೂ ಇರಲಿಲ್ಲ. ಅಣ್ಣ ಪೇಪರ್ ಓದುತ್ತಿದ್ದ. ನನ್ನ ಮುಂದೆ ಬಿಸಿ ಉಪ್ಪಿಟ್ಟಿನ ತಟ್ಟೆ ಆಗತಾನೇ ಬಂದಿತ್ತು. ಹತ್ತೂವರೆಗೆ ಅಣ್ಣನ ಫೋನ್ ಹೊಡೆದುಕೊಂಡಿತು. ಕಂಪ್ಲಿಯ ಶಾಮರಾಯರ ಸೊಸೆ.

"ಆಚಾರ್ರು ಎಲ್ಲಿತನಕ ಬಂದ್ರಿ? ಅಡಿಗಿ ಎಲ್ಲಾ ಆಗ್ಯದ. ಮಾವನವರು ಮಡಿ ಉಟ್ಟು ಬಾಗಿಲಾಗೇ ಕೂತಾರ. ಬೆಳಿಗ್ಗಿಂದ ಹನಿ ನೀರೂ ಮುಟ್ಟಿಲ್ರಿ."

ಅಣ್ಣನ ಮುಖ ಬಿಳಿಚಿಕೊಂಡಿತು. ಶಾಮರಾಯರಿಗೆ ಎಂಬತ್ತರ ಹತ್ತಿರ. ನಮ್ಮಪ್ಪನ ಕಾಲದಿಂದಲೂ ಅವರ ಮನೆಗೆ ಬಿದಿಗೆಯ ದಿನ ಕರೆಯದೇ ಹೋಗುವುದು ರೂಢಿ. ಪುರೋಹಿತರಿಗೆ ನೆನಪಿಸುವುದು ಅವಮಾನ ಮಾಡಿದಂತೆ ಎಂದು ನಂಬಿದ ಮನುಷ್ಯ ಅವರು. ನಾನು ಟೇಬಲ್ ತೆರೆದು ಫಿಲ್ಟರ್ ತೆಗೆದೆ. ಹೋದ ವರ್ಷದ ಟಿಕ್‌ಗಳು ಒಂದೂ ಅಳಿಯದೇ ಹಾಗೇ ಇದ್ದವು. ಮರೆಯಾಗಿದ್ದವರೆಲ್ಲ ಒಮ್ಮೆಲೇ ಸಾಲಾಗಿ ಬಂದು ನಿಂತರು, ಬಿದಿಗೆಯ ಎದುರು ಶಾಮರಾಯರೂ. ವರ್ಷ ವರ್ಷ ಬರುವ ಕೆಲಸಕ್ಕೆ 'ಮುಗಿಯಿತು' ಎಂದು ಕಾಲಂ ಹಾಕಿದ ಮಹಾನುಭಾವ ನಾನು. ಟೇಬಲ್ಲಿನಲ್ಲಿ ಉಳಿದಿದ್ದ ಆ ಮೂರು ಹೆಸರು ಹೋದ ವರ್ಷ ಸೂತಕ ಬಂದು ಶ್ರಾದ್ಧ ಮಾಡಲಾಗದವರದು.

ಕಂಪ್ಲಿಗೆ ಅಣ್ಣನೊಬ್ಬನೇ ಹೋದರೆ ಸಾಲದು. ಬೆಳಿಗ್ಗೆಯಿಂದ ಏನೂ ತಿನ್ನದೇ ಬಂದು ಪಿತೃಸ್ಥಾನದಲ್ಲಿ, ಅಂದರೆ ತೀರಿಹೋದ ಹಿರಿಯರ ಜಾಗದಲ್ಲಿ, ಕೂತು ಉಣ್ಣುವ ಇಬ್ಬರನ್ನು ಕರೆದೊಯ್ಯುವುದೂ ಅವನದೇ ಜವಾಬ್ದಾರಿ. ಪಕ್ಷಮಾಸದಲ್ಲಿ ಅಂಥವರು ಹತ್ತು ದಿನ ಮುಂಚೆ ಕೇಳಿದರೂ ಸಿಗುವುದು ಕಷ್ಟ. ಅಣ್ಣ ಫೋನ್ ಮೇಲೆ ಫೋನ್ ಮಾಡಿದ. ಕಂಪ್ಲಿಯ ದೇವಸ್ಥಾನದ ಅರ್ಚಕರೊಬ್ಬರು ಒಪ್ಪಿದರು. ಇನ್ನೊಬ್ಬರು ಸಿಗಲೇ ಇಲ್ಲ. ಅಣ್ಣ ಫೋನ್ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಉಪ್ಪಿಟ್ಟು ತಿಂದೀಯೇನು?"

"ಇಲ್ಲ. ಎರಡು ಸಲ ಚಹಾ ಆಗ್ಯದ."

"ಅಷ್ಟಕ್ಕೇ ನಿಂತೀಯಲ್ಲ, ಪುಣ್ಯಾತ್ಮ. ಏಳು, ಸ್ನಾನ ಮಾಡು."

ಕಂಪ್ಲಿ ಮುಟ್ಟಿದಾಗ ಒಂದು ಗಂಟೆ. ಶಾಮರಾಯರು ಬಾಗಿಲಲ್ಲೇ ಇದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. "ಬರ್ರಿ ಬರ್ರಿ, ಬಿಸಿಲಾಗ ಭಾಳ ತ್ರಾಸ ತಗೊಂಡ್ರಿ" ಎಂದರು. ಅಣ್ಣ ಗಡಿಬಿಡಿಯಲ್ಲಿ, "ತಪ್ಪು ನಮ್ಮದ್ರೀ, ಇವನು ಫೋನಿನಾಗ ಏನೋ..." ಎಂದು ಶುರು ಮಾಡಿದ. ರಾಯರು ಕೈ ಎತ್ತಿ ತಡೆದರು. ಆಮೇಲೆ ನನ್ನನ್ನು ಅರ್ಚಕರ ಪಕ್ಕದ ಮಣೆಯ ಮೇಲೆ ಕೂರಿಸಿದರು. ಅವರ ಹೆಂಡತಿ ತಂಬಿಗೆಯಿಂದ ನೀರು ಹಾಕಿದರು, ಅವರು ನನ್ನ ಕಾಲು ತೊಳೆದರು. ಅವರ ತುಟಿ ಒಣಗಿತ್ತು. ನನಗೆ ಐವತ್ತೂ ತುಂಬಿಲ್ಲ. ಆ ಹೊತ್ತಿಗೆ ನಾನು ಅವರ ಅಪ್ಪ. ಕಾಲು ಎಳೆದುಕೊಳ್ಳೋಣವೆಂದರೆ ಅಣ್ಣ ಮಂತ್ರದ ನಡುವೆಯೇ ನನ್ನತ್ತ ಕಣ್ಣು ಬಿಟ್ಟ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದರೂ ಉಣ್ಣಲೇಬೇಕು. ನಾನು ಉಂಡು ಎದ್ದ ಮೇಲೆಯೇ ಅವರ ಬಾಯಿಗೆ ಅನ್ನ. ಬೇಗ ಮುಗಿಸೋಣವೆಂದರೆ ಅವರು ಎದುರಿಗೆ ನಿಂತು ವಡೆ, ಪಾಯಸ, ಮತ್ತೊಂದು ವಡೆ ಎಂದು ಬಡಿಸುತ್ತಲೇ ಇದ್ದರು. ಬೇಡ ಎನ್ನಲು ನಾನು ಯಾರು? ಅವರ ಅಪ್ಪನಿಗೆ ವಡೆ ಇಷ್ಟವಿತ್ತಂತೆ. ಏಳನೆಯ ವಡೆಯ ನಂತರ ರಾಯರು ಕೈಮುಗಿದು, ಕೇಳಲೇಬೇಕಾದ ಪ್ರಶ್ನೆ ಕೇಳಿದರು: ತೃಪ್ತಿಯಾಯಿತೇ?

ಹಸಿದು ನಿಂತವರು, ಹಸಿಯುವಂತೆ ಮಾಡಿದವನನ್ನು ಕೇಳುತ್ತಿದ್ದರು. ನಾನು ಎಲೆಯ ಮೇಲಿನ ಪಾಯಸವನ್ನು ಬೆರಳಿನಿಂದ ಸವರುತ್ತ ಕೂತೆ. ಅಣ್ಣ ಮೊಣಕೈಯಿಂದ ತಿವಿದ. ಆಯಿತು ಎಂದೆ.

ರಾಯರು ಕಣ್ಣೊರೆಸಿಕೊಂಡು ನಕ್ಕರು. "ಸಂಕೋಚ ಮಾಡ್ಕೋಬ್ಯಾಡ್ರಿ. ನಮ್ಮಪ್ಪನೂ ಒಂದಿನಾನೂ ಹೊತ್ತಿಗೆ ಸರಿಯಾಗಿ ಊಟಕ್ಕ ಬಂದವರಲ್ಲ."