ಸಿಂಬಲ್ಲಿನ ಬಾಲ ಹಿಡಿಯಾಕ ಹೋಗಿ

ನಮ್ಮ ಮನ್ಯಾಗ ಒಂದು ಸಾಮಾನು ಕೊಳ್ಳೂದು ಅಂದ್ರ, ಸಾಮಾನು ಬರೂಕಿಂತ ಮೊದಲ ನಾಕು ಫಜೀತಿ ಬಂದು ಪಡಸಾಲ್ಯಾಗ ಕೂತಿರ್ತಾವ. ಮಿಕ್ಸರ್ ತರಾಕ ಹೋದಾಗ ಹಂಗ ಆತು, ಕೂಲರ್ ತರಾಕ ಹೋದಾಗ ಹಂಗ ಆತು. ಈ ಸಲ ಹೆಡ್‌ಫೋನು.

ನಾನು ಭಾಲ್ಕಿ ಕಡೆಯಾಂವ. ಇಪ್ಪತ್ತಾರು ವರ್ಷದಿಂದ ಹೈದರಾಬಾದಿನ್ಯಾಗ ರೈಲಿನ ಡೀಸೆಲ್ ಎಂಜಿನ್ ರಿಪೇರಿ ಮಾಡೂ ಶೆಡ್ಡಿನ್ಯಾಗ ಫಿಟ್ಟರ್ ಅದೀನಿ, ಮನಿ ಮಲ್ಕಾಜ್‌ಗಿರಿ. ಕಬ್ಬಿಣದ ಸಳಿ ಒಂದು ತುದಿ ಎಂಜಿನ್ನಿಗೆ ಹಚ್ಚಿ, ಇನ್ನೊಂದು ತುದಿ ಕಿವಿಗೆ ಹಚ್ಚಿ, ಒಳಗ ಏನು ಕೆಟ್ಟೈತಿ ಅಂತ ಹೇಳೂದು ನನ್ನ ಕಸಬು. ನನ್ನ ಹುಚ್ಚು ಅಂದ್ರ ರಾಕ್ ಮತ್ತ ಮೆಟಲ್ ಸಂಗೀತ. ಗಿಟಾರು ಗುಡುಗಬೇಕು, ಡ್ರಮ್ಮು ಎದಿಗೆ ಒದೀಬೇಕು, ಹಾಡಾಂವ ಗಂಟಲು ಹರಕೋಬೇಕು. ಕಾಲೇಜಿನ್ಯಾಗ ಹತ್ತಿದ ಹುಚ್ಚು, ಐವತ್ತು ದಾಟಿದ್ರೂ ಬಿಡವಲ್ದು.

ಆದ್ರ ಒಂದು ವರ್ಷದಿಂದ ನನಗ ಒಂದು ಕಡೆ ಕೂಡಾಕ ಆಗವಲ್ದು, ನಿಂದ್ರಾಕ ಆಗವಲ್ದು. ಡ್ರಮ್ಮಿನ ಜೋಡಿ ಹಿತ್ತಾಳಿ ತಾಟು ಬಾರಿಸ್ತಾರಲ್ಲ, ಸಿಂಬಲ್ ಅಂತಾರ, ಅದನ್ನ ಹೊಡೆದ ಮ್ಯಾಲ ಸ್ಸ್ಸ್ ಅಂತ ಸಣ್ಣಗ ಒಂದು ಬಾಲ ಉಳೀತೈತಿ. ಆ ಬಾಲ ನನಗ ಕೇಳೂದು ಬಂದ್ ಆಗೇತಿ. ಹೆಂಡತಿ ಒಂದ ಮಾತು ಹಿಡಿದಾಳ: "ಮೊದಲ ಕಿವಿ ತೋರಿಸ್ಕೊಂಡು ಬರ್ರಿ." ನಾನೂ ಒಂದ ಮಾತು ಹಿಡಿದೀನಿ: "ಕಿವಿ ಠೀಕ್ ಐತಿ, ಹೆಡ್‌ಫೋನ್ ಸುಮಾರೈತಿ, ಭಾರೀದು ಒಂದು ತರಬೇಕು." ಖರೇ ಹೇಳಬೇಕಂದ್ರ ಹೆದರಿಕಿ. ಕಿವಿ ಹೋತು ಅಂತ ಡಾಕ್ಟರ್ ಬರದುಕೊಟ್ರ ಶೆಡ್ಡಿನಿಂದ ತಗದು ಸ್ಟೋರಿನ್ಯಾಗ ಕೂಡಿಸ್ತಾರ. ಹಾಡೂ ಹೋತು, ಕಸಬೂ ಹೋತು, ಆಮ್ಯಾಲ ನಾನು ಯಾತಕ್ಕ ಇರಬೇಕು?

ಅದಕ್ಕ ಡಾಕ್ಟರ್ ಕಡೆ ಹೋಗೂದು ಬಿಟ್ಟು ಅಂಗಡಿ ಅಂಗಡಿ ತಿರಗಾಕ ಹತ್ತಿದೆ.

ತಲಿ ಅಲ್ಲಾಡಿಸಬ್ಯಾಡ್ರಿ

ಬಂಜಾರಾ ಹಿಲ್ಸ್ ಕಡೆ ಒಂದು ಅಂಗಡಿ ಐತಿ. ಅಲ್ಲಿ ಒಂದೊಂದು ಹೆಡ್‌ಫೋನಿಗೆ ಒಂದೊಂದು ಹಳೇ ಸ್ಕೂಟರಿನ ರೊಕ್ಕ ಬೀಳ್ತೈತಿ. ಒಳಗ ಎಷ್ಟು ಶಾಂತ ಅಂದ್ರ ನನ್ನ ಚಪ್ಪಲಿ ಸಪ್ಪಳಕ್ಕ ನನಗ ನಾಚಿಕಿ ಆತು. ಸೇಲ್ಸ್‌ಮನ್ ಎರಡೂ ಕೈಲೆ ಒಂದು ಹೆಡ್‌ಫೋನ್ ಎತ್ತಿ, ಹಸಗೂಸಿಗೆ ಕುಂಚಿಗಿ ತೊಡಿಸಿದಂಗ ನನ್ನ ತಲಿಗೆ ಇಟ್ಟ. ಮೊದಲ ಕೊಳಲು ಹಚ್ಚಿದ. ಆಮ್ಯಾಲ ಒಬ್ಬ ಹೆಣ್ಮಗಳ ಹಾಡು ಹಚ್ಚಿದ, ಆಕಿ ಕಿವ್ಯಾಗ ಪಿಸುಗುಡಾಕ ಹತ್ತಿದ್ಲು.

"ಕೈಸಾ ಹೈ ಸಾಬ್?" ಅಂದ.

"ಪಾಪ, ಆಕಿಗೆ ಮೈಯಾಗ ಆರಾಮಿಲ್ಲೇನು?" ಅಂತ ನಾನೂ ಹಿಂದಿಯೊಳಗ ಕೇಳಿದೆ.

ನನ್ನ ಫೋನ್ ಹಚ್ಚಿ ನನ್ನ ಹಾಡು ಹಾಕಸಿದೆ. ಹಾಡು ಶುರುವಾದ ಕೂಡ್ಲೇ ನನ್ನ ತಲಿ ತಾನ ಮ್ಯಾಲ ಕೆಳಗ ಆಗಾಕ ಹತ್ತಿತು. ಮೆಟಲ್ ಕೇಳೂದ ಹಂಗ, ಅದಕ್ಕ ನಾ ಏನು ಮಾಡ್ಲಿ? ಹೆಡ್‌ಫೋನ್ ಹಣಿಗೆ ಜಾರಿತು, ವಾಯರ್ ಜಗ್ಗಿತು, ಅದರ ತುದಿಗಿದ್ದ ಡಬ್ಬಿ ಟೇಬಲ್ ಮ್ಯಾಲ ಒಂದು ಗೇಣು ಸರೀತು. ಸೇಲ್ಸ್‌ಮನ್ ಎರಡೂ ಕೈ ಬೊಗಸಿ ಮಾಡಿ ನನ್ನ ಗದ್ದದ ಕೆಳಗ ಹಿಡಿದು ನಿಂತ.

"ಸಾಬ್, ತಲಿ ಅಲ್ಲಾಡಿಸಬ್ಯಾಡ್ರಿ!"

"ತಲಿ ಅಲ್ಲಾಡಲಿಲ್ಲ ಅಂದ್ರ ಹಾಡು ಹಿಡಿಸಿಲ್ಲ ಅಂತ ಅರ್ಥರಿ."

ಕಡೀಕ ಒಂದು ರಾಜಿ ಆತು. ಆಂವ ಹಿಂದ ನಿಂತು ನನ್ನ ತಲಿ ಎರಡೂ ಕೈಲೆ ಗಟ್ಟಿ ಹಿಡಕೊಂಡ, ನಾನು ಕಣ್ಣು ಮುಚ್ಚಿ ಕೇಳಿದೆ. ಹಿಂಗ ಐದು ಹೆಡ್‌ಫೋನ್ ಆದ್ವು. ಒಂದರಾಗೂ ಸಿಂಬಲ್ಲಿನ ಬಾಲ ಇರಲಿಲ್ಲ. ಐದೂ ಖರಾಬ್ ಅಂತ ಹೇಳಿ ಕಣ್ಣು ಬಿಟ್ಟೆ. ಬಾಗಿಲದಾಗ ಒಬ್ಬ ವಯಸ್ಸಾದ ಗಿರಾಕಿ ಯಾವಾಗಿಂದ ನಿಂತಿದ್ನೋ ಏನೋ, ಸೇಲ್ಸ್‌ಮನ್‌ಗ ಕೇಳಿದ: "ಇವರ ಮಾಲೀಶ್ ಮುಗದ ಮ್ಯಾಲ ನನ್ನ ನಂಬರೇನು?"

ಮಿಸ್ತ್ರಿ ಅಭಿಪ್ರಾಯ

ಶೆಡ್ಡಿನ್ಯಾಗ ನನ್ನ ಜೋಡಿ ಒಬ್ಬ ತೆಲುಗು ಮಿಸ್ತ್ರಿ ಅದಾನ. ಎಂಜಿನ್ ಸಪ್ಪಳ ಕೇಳೂದರಾಗ ನನಗಿಂತ ದೊಡ್ಡಾಂವ. ಆಂವಗ ಹಾಡಿನ ಗಂಧ ಗಾಳಿ ಇಲ್ಲ, ಆದ್ರ ಕಿವಿ ಬಂಗಾರದ್ದು. ಊಟದ ಹೊತ್ತಿಗೆ ನನ್ನ ಹಳೇ ಹೆಡ್‌ಫೋನ್ ಆಂವಗ ಹಾಕಿ, "ಇದರಾಗ ಏನು ಕಮ್ಮಿ ಐತಿ, ಹೇಳು ಮಾರಾಯಾ" ಅಂದೆ.

ಮಿಸ್ತ್ರಿ ಡಬ್ಬಿ ಮುಚ್ಚಿಟ್ಟ. ಹಣಿ ಗಂಟು ಹಾಕ್ಕೊಂಡ. ಪೂರಾ ಹಾಡು ಕೇಳಿದ, ಮತ್ತೊಮ್ಮೆ ಹಚ್ಚು ಅಂದ, ಎರಡನೇ ಸಲಾನೂ ಪೂರಾ ಕೇಳಿದ. ನನಗ ಜೀವ ಹಾರಾಕ ಹತ್ತಿತು, ಈಂವ ಏನೋ ಹಿಡಿದಾನ ಅಂತ. ಹೆಡ್‌ಫೋನ್ ತಗದು, ಬಿಳೀ ಮೀಸಿ ಒರೆಸ್ಕೊಂಡು, ತೆಲುಗಿನ್ಯಾಗ ತೀರ್ಪು ಕೊಟ್ಟ. ಅದರ ತಾತ್ಪರ್ಯ ಇಷ್ಟ: "ಮೂರನೇ ಸಿಲಿಂಡರ್ ಮಿಸ್ ಹೊಡ್ಯಾಕತ್ತೈತಿ. ಇದನ್ನ ಲೈನಿಗೆ ಬಿಡಬ್ಯಾಡ."

ಐತವಾರದ ಎಣ್ಣಿ

ಮಿಯಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನ್ಯಾಗ ಒಬ್ಬ ಸಾಹೇಬ ತನ್ನ ಹೆಡ್‌ಫೋನ್ ಮಾರಾಕತ್ತಾನ ಅಂತ ಗೊತ್ತಾತು. ಐತವಾರ ಬರ್ರಿ ಅಂದ. ನಮ್ಮ ಮನ್ಯಾಗ ಐತವಾರ ಅಂದ್ರ ತಲಿಗೆ ಎಣ್ಣಿ. ನಮ್ಮವ್ವ ಎಪ್ಪತ್ತಾರರಾಗೂ ಬಿಡೂದಿಲ್ಲ, ಬೆಳಿಗ್ಗೆ ಎದ್ದ ಕೂಡ್ಲೇ ಹಿಡಿದು ಕೂಡಿಸಿ ಅರ್ಧ ಬಟ್ಟಲ ಎಣ್ಣಿ ನೆತ್ತಿಗೆ ತಟ್ಟಿಬಿಡ್ತಾಳ. ಜಳಕಾ ಮಾಡೂತನಕ ನನಗ ತಾಳ್ಮಿ ಎಲ್ಲಿಂದ ಬರಬೇಕು? ನನಗಿಂತ ಮೊದಲ ಯಾರಾದ್ರೂ ಒಯ್ದುಗಿಯ್ದಾರು ಅಂತ ಹಂಗ ಓಡಿದೆ. ಮೆಟ್ರೋದಾಗ ಬಾಜೂಕ ಕೂತಾಂವ ಎದ್ದು ನಿಂತ್ಕೊಂಡ.

ಸಾಹೇಬ ಬಾಗಿಲ ತಗದು, ನನ್ನ ಮಾರಿ ನೋಡಲಿಲ್ಲ, ತಲಿ ನೋಡಿದ. ಕೈಯಾಗಿನ ಹೆಡ್‌ಫೋನ್ ಬೆನ್ನ ಹಿಂದ ಮುಚ್ಚಿಟ್ಕೊಂಡ.

"ಇದರ ಗಾದಿ ಮಖಮಲ್ಲಿಂದು," ಅಂದ. "ಎಣ್ಣಿ ಹತ್ತಿದ್ರ ಮುಗೀತು."

"ಕಿಸೆದಾಗಿನ ದಸ್ತಿ ತಲಿಗೆ ಕಟ್ಕೋತೀನ್ರಿ."

"ದಸ್ತಿ ಕಟ್ಟಿದ್ರ ಸಿಂಬಲ್ ಕೇಳೂದಿಲ್ಲ."

ಸಿಂಬಲ್ ಅಂದ ಕೂಡ್ಲೇ ನಾ ಕರಗಿಹೋದೆ. ಇಂಥಾ ಮನಷಾ ಎಲ್ಲಿ ಸಿಗಬೇಕು? ಅಷ್ಟು ದೂರ ಬಂದಾಂವನ್ನ ಹೊಳ್ಳಿ ಕಳಸಾಕ ಆಂವಗೂ ಮನಸ್ಸು ಬರಲಿಲ್ಲ. ಒಂದು ಟಾವೆಲ್ಲು, ಒಂದು ಶಾಂಪೂ ಪಾಕೀಟು ಕೊಟ್ಟು ಬಚ್ಚಲ ತೋರಿಸಿದ. ಎರಡು ಸಲ ತಿಕ್ಕಿ ತೊಳಕೊಂಡು, ಟಾವೆಲ್ಲು ಸುತ್ಕೊಂಡು ಹೊರಗ ಬಂದೆ. ಅಷ್ಟೊತ್ತಿಗೆ ಗುಡಿಯಿಂದ ಅವರ ಅತ್ತಿ ಬಂದಿದ್ರು. ಅಳಿಯನ ಮನ್ಯಾಗ ತಲಿ ತೊಳಕೊಂಡು ನಿಂತಾಂವ ಬೀಗರ ಪೈಕಿನ ಇರಬೇಕು ಅಂತ ತಿಳದು, ಕುಶಲ ಕೇಳಿ, ತಾಟು ಹಾಕಿ ಕೂಡಿಸೇ ಬಿಟ್ರು. ಗೋಂಗೂರಾ ಪಚ್ಚಡಿ, ಪಪ್ಪು, ಮ್ಯಾಲ ತುಪ್ಪ. ಬ್ಯಾಡ ಅನ್ನಾಕ ಬಾಯಿ ಖಾಲಿ ಇರಲಿಲ್ಲ.

ಊಟ ಆದ ಮ್ಯಾಲ ಹೆಡ್‌ಫೋನ್ ಕೇಳಿದೆ. ಗಿಟಾರು ಭಾಳ ಚಲೋ. ಬಾಲ ಇಲ್ಲ. ಸಾಹೇಬ, "ನೀವು ಒಂದು ಹೊಸಾದು ತಗೊಂಡು ನೂರು ತಾಸು ಹಾಡಿಸ್ರಿ, ಆಮ್ಯಾಲ ಬಾಯಿ ಬಿಡ್ತೈತಿ" ಅಂತ ಬುದ್ಧಿ ಹೇಳಿ ಕಳಿಸಿದ.

ಮನಿಗೆ ಬರೂದ್ರಾಗ ಸಂಜಿ ಆತು. ಹೆಂಡತಿ ಕೇಳಿದ್ಲು: "ಹೆಡ್‌ಫೋನ್ ಎಲ್ಲಿ?"

"ತಗೊಳ್ಳಲಿಲ್ಲ."

"ಮತ್ತ ಮುಂಜಾನಿಂದ ಏನು ಮಾಡಿದ್ರಿ ಅಲ್ಲಿ?"

"ಜಳಕಾ ಮಾಡಿ ಊಟಾ ಮಾಡಿ ಬಂದೆ."

ಅಲಮಾರ್ಯಾಗಿನ ಮನಷಾ

ಬಂಜಾರಾ ಹಿಲ್ಸ್ ಅಂಗಡಿಯಾಂವಗ ನನ್ನ ಕಾಟ ಸಾಕಾಗಿತ್ತು. ಒಂದು ಹೆಡ್‌ಫೋನ್ ಕೈಗೆ ಕೊಟ್ಟು, "ಒಂದು ವಾರ ಮನ್ಯಾಗ ಕೇಳ್ರಿ, ಇಲ್ಲಿಗೆ ಮಾತ್ರ ಬರಬ್ಯಾಡ್ರಿ" ಅಂದ. ಕಿವಿ ಬಟ್ಟಲದ ಹಿಂದ ಜಾಲರಿ ಇರೂ ಜಾತಿ ಅದು, ಕೇಳಾಂವಗೂ ಕೇಳ್ತೈತಿ, ಬಾಜೂಕ ಕೂತಾಂವಗೂ ಕೇಳ್ತೈತಿ. ಮಿಯಾಪುರದ ಸಾಹೇಬ ಹೇಳಿದ ನೂರು ತಾಸು ನೆನಪಿತ್ತಲ್ಲ, ಹಳೇ ಫೋನಿಗೆ ಪವರ್ ಬ್ಯಾಂಕ್ ಹಚ್ಚಿ, ಹೆಡ್‌ಫೋನ್ ಜೋಡಿಸಿ, ನನಗ ಪ್ರೀತಿ ಆದ ಹಾಡುಗಳನ್ನ ಪೂರಾ ದನಿಯಿಂದ ಬಿಟ್ಟು, ಕಬ್ಬಿಣದ ಅಲಮಾರ್ಯಾಗ ಇಟ್ಟು ಕೀಲಿ ಹಾಕ್ಕೊಂಡು ಡ್ಯೂಟಿಗೆ ಹೋದೆ. ಯಾರಿಗೂ ಹೇಳಲಿಲ್ಲ.

ಸಂಜೀಕ ಬಂದ್ರ ಮನ್ಯಾಗ ಸಾಂಬ್ರಾಣಿ ಹೊಗಿ. ಅಲಮಾರಿ ಬಾಗಿಲಕ್ಕ ವಿಭೂತಿ, ಹಿಡಿಕಿಗೆ ನಿಂಬಿಹಣ್ಣು ಮೆಣಸಿನಕಾಯಿ. ಮುಂದ ಒಂದು ಚರಿಗಿ ನೀರು, ತಾಟಿನ್ಯಾಗ ಎರಡು ರೊಟ್ಟಿ. ಅವ್ವ ಚಾಪಿ ಹಾಸ್ಕೊಂಡು ಕೂತಿದ್ಲು. ನನ್ನ ಕಂಡದ್ದ ತಡ, ಆಕಿಗೆ ಸಿಟ್ಟು ನೆತ್ತಿಗೇರಿತು.

"ಮೊದಲ ದೆವ್ವ ಅಂತ ತಿಳದಿದ್ದೆ," ಅಂದ್ಲು. "ದೆವ್ವ ಇಷ್ಟೊತ್ತು ಒದರೂದಿಲ್ಲ, ಇದು ಮನಷಾಂದ ದನಿ. ಎಪ್ಪಾ, ಅಂವ ಏನು ತಪ್ಪು ಮಾಡಿದ್ರೂ ಇರಲಿ, ಒಳಗ ಹಾಕಿ ಕೀಲಿ ಹಾಕಿದ ಮ್ಯಾಲ ಒಂದು ಚರಿಗಿ ನೀರಾದ್ರೂ ಇಟ್ಟು ಹೋಗೂ ಪದ್ಧತಿ ಇಲ್ಲೇನು?"

ಹೆಂಡತಿ ನಕ್ಕು ನಕ್ಕು ನೆಲಕ್ಕ ಕೂತ್ಲು. ಅಲಮಾರಿ ತಗದು ಹೆಡ್‌ಫೋನ್ ತೋರಿಸಿದೆ. ಅವ್ವ ಬಗ್ಗಿ ಕಿವಿಗೊಟ್ಟು, "ಹಾಂ, ಇಂವನ. ಮುಂಜಾನಿಂದ ಒದರಾಕತ್ತಾನ. ಅಂವನ ಬೆನ್ನ ಹಿಂದ ಯಾರೋ ತಾಳ ಹೊಡದು ಸ್ಸ್ಸ್ ಅಂತ ಬಿಡ್ತಾರ ನೋಡು, ಅದೊಂದು ಭಾಳ ಹಿತ ಐತಿ" ಅಂದ್ಲು.

ನನ್ನ ಹೆಂಡತಿ ನಗೂದು ನಿಲ್ಲಿಸಿದ್ಲು. ಎಪ್ಪತ್ತಾರರ ಮುದುಕಿ ಕಬ್ಬಿಣದ ಬಾಗಿಲ ಹೊರಗ ಕೂತು ಕೇಳಿದ್ದು, ನನಗ ಕಿವಿಗೆ ಹಚ್ಕೊಂಡ್ರೂ ಕೇಳೂದಿಲ್ಲ. ಅಲಮಾರಿ ಮುಂದ ಇಟ್ಟಿದ್ದ ರೊಟ್ಟಿ ನಾನ ತಿಂದೆ. ಮರುದಿನ ರಜಾ ಹಾಕಿದೆ.

ಗಾಜಿನ ಖೋಲಿ

ನಮ್ಮ ರೈಲ್ವೆ ದವಾಖಾನ್ಯಾಗ ಕಿವಿ ಪರೀಕ್ಷಾ ಮಾಡಾಕ ಒಂದು ಸಣ್ಣ ಖೋಲಿ ಇರ್ತೈತಿ. ಗ್ವಾಡಿಗೆಲ್ಲಾ ಗಾದಿ ಹೊಡದಿರ್ತಾರ, ಒಂದು ಗಾಜಿನ ಕಿಡಕಿ, ಹೊರಗಿನ ಒಂದು ಸಪ್ಪಳ ಒಳಗ ಬರೂದಿಲ್ಲ. ಪರೀಕ್ಷಾ ಮಾಡೂ ಹುಡುಗಿ ರಾಯಚೂರ ಕಡೆಯಾಕಿ. ನನ್ನ ಕನ್ನಡ ಕೇಳಿ "ಬರ್ರಿ ಅಣ್ಣಾರ" ಅಂದ್ಲು, ಅಷ್ಟಕ್ಕ ನನ್ನ ಎದಿ ಅರ್ಧ ಹಗುರಾತು. ಇನ್ನರ್ಧ ಡವಡವ ಅಂತಿತ್ತು. ಇವತ್ತು ಈ ಹುಡುಗಿ ಏನು ಬರೀತಾಳೋ ಅದ ನನ್ನ ಹಣೇಬರಾ, ಶೆಡ್ಡೋ ಸ್ಟೋರೋ.

ಆಕಿ ನನ್ನ ತಲಿಗೆ ಒಂದು ಹೆಡ್‌ಫೋನ್ ಹಾಕಿದ್ಲು. ಕೈಯಾಗ ಒಂದು ಬಟನ್ ಕೊಟ್ಲು. "ಸಪ್ಪಳ ಕೇಳಿದ ಕೂಡ್ಲೇ ಒತ್ರಿ, ಕೇಳೂತನಕ ಒತ್ತಿ ಹಿಡೀರಿ" ಅಂತ ಹೇಳಿ ಬಾಗಿಲ ಮುಚ್ಕೊಂಡು ಹೋದ್ಲು.

ನಾ ಕಣ್ಣು ಮುಚ್ಚಿದೆ. ಒಂದು ಕ್ಷಣ ಏನಿಲ್ಲ. ಆಮ್ಯಾಲ ಬಂತು ನೋಡ್ರಿ! ಸ್ಸ್ಸ್... ಸಣ್ಣಗ, ಸ್ವಚ್ಛ, ಉದ್ದಕ. ಸಿಂಬಲ್ಲಿನ ಬಾಲ! ಎಲ್ಲೂ ಹರಕಿಲ್ಲ, ಎಲ್ಲೂ ಒರಟಿಲ್ಲ. ಒಂದು ವರ್ಷ ಊರೆಲ್ಲಾ ತಿರಗಿ ಹುಡುಕಿದ್ದು ಇಲ್ಲಿ ಸರ್ಕಾರಿ ಕುರ್ಚಿ ಮ್ಯಾಲ ಸಿಕ್ಕಿತು. ನಾ ಬಟನ್ ಗಟ್ಟಿ ಒತ್ತಿ ಹಿಡಿದೆ. ಕಣ್ಣಾಗ ನೀರು ಬಂತು, ನಾಚಿಕಿ ಇಲ್ಲದ ಹೇಳ್ತೀನಿ. ನನ್ನ ಕಿವಿಗೆ ಏನೂ ಆಗಿಲ್ಲ, ಆ ಅಂಗಡಿಯಾಂವನ ಐದೂ ಖರಾಬ್ ಇದ್ದವು, ನಾ ಹೇಳಿದ್ದ ಖರೇ ಆತು. ಎಷ್ಟೋ ಹೊತ್ತು ಹಂಗ ಕೂತಿದ್ದೆ, ತಲೀನೂ ಸಣ್ಣಗ ಅಲ್ಲಾಡಾಕ ಹತ್ತಿತ್ತು.

ಬಾಗಿಲ ತಗದ ಗಾಳಿ ಬಡೀತು, ಕಣ್ಣು ಬಿಟ್ಟೆ. ಆ ಹುಡುಗಿ ನಿಂತಿದ್ಲು. ಹೆಡ್‌ಫೋನ್ ಒಂದು ಕಡೆ ಸರಿಸಿ, ಆನಂದ ತಡೀಲಾರದ ಕೇಳಿದೆ: "ತಂಗೀ, ಇದು ಯಾವ ಕಂಪನೀದವ್ವಾ? ಇಂಥಾದ್ದು ನಾ ಎಲ್ಲೂ ಕೇಳಿಲ್ಲ. ಎಷ್ಟಾರ ಆಗ್ಲಿ, ನನಗೊಂದು ಬೇಕು."

ಆಕಿ ನನ್ನ ಮಾರಿ ನೋಡಿದ್ಲು, ನಾ ಇನ್ನೂ ಒತ್ತಿ ಹಿಡಿದಿದ್ದ ಬಟನ್ ನೋಡಿದ್ಲು.

"ಅಣ್ಣಾರ, ಕರೆಂಟ್ ಹೋಗೇತ್ರಿ," ಅಂದ್ಲು. "ಮಿಷನ್ನು ಇನ್ನೂ ಶುರುನ ಮಾಡಿಲ್ಲ."

"ಹಂಗಾರ ಈ ಸಪ್ಪಳ?"

"ಅದು ನಿಮ್ಮ ಕಿವೀದ ಸ್ವಂತದ್ದರಿ."