ಫಳಫಳ ಹೊಳೆಯುವ ಬೈಕು

"ಈ ವರ್ಷ ಯಾವ ಮೆಕ್ಯಾನಿಕ್ಕೂ ನನ್ನ ಗಾಡಿ ಮುಟ್ಟಬೇಕಾಗಿಲ್ಲ!" ಎಂದು ಬವೇರಿಯಾದ ಕೊರ್ಬಿನಿಯನ್ ಚಳಿಗಾಲದ ಮೊದಲ ದಿನವೇ ಘೋಷಿಸಿಬಿಟ್ಟ. ಗಾಡಿಗೆ ಮೂವತ್ತೆಂಟು ವರ್ಷ. ಹೆಂಡತಿ ವಾಲ್ಬುರ್ಗಾಳನ್ನು ಹಿಂದೆ ಕೂರಿಸಿಕೊಂಡು ಆಲ್ಪ್ಸ್ ದಾಟಿದ ದೂರಪ್ರಯಾಣದ ದೊಡ್ಡ ಬೈಕು. ಹಿಮದಲ್ಲಿ ಓಡಿಸಲಾಗದ ಐದು ತಿಂಗಳೂ ಅದಕ್ಕೆ ಮೇಣ ಹಚ್ಚಿ ಉಜ್ಜಿದ್ದೇ ಉಜ್ಜಿದ್ದು! ಹೊಸ ಆಕ್ಸಿಲರೇಟರ್ ಕೇಬಲ್ ಹಾಕಿದ. ಅದು ಜೋತಾಡುವುದು ಅವಲಕ್ಷಣವೆಂದು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದೂ ಬಿಟ್ಟ.

"ಇದು ಕೈಕೊಟ್ರೆ ಈ ಸಲ ಇಟಲಿಗೆ ನಾನು ರೈಲಲ್ಲಿ ಹೋಗೋದು. ಒಬ್ಳೇ!" ಎಂದಳು ವಾಲ್ಬುರ್ಗಾ.

ಏಪ್ರಿಲ್‌ನಲ್ಲಿ ಪಕ್ಕದೂರಿನ ಚರ್ಚಿನ ಮುಂದೆ ಬೈಕುಗಳಿಗೆ ಆಶೀರ್ವಾದ ಮಾಡಿಸುವ ಭಾನುವಾರ ಬಂತು. ಇಬ್ಬರೂ ಹೊರಟರು. ಹತ್ತು ನಿಮಿಷಕ್ಕೆ ಬೈಕು ಕೆಮ್ಮಿ ನಿಂತಿತು. ಕೊರ್ಬಿನಿಯನ್ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ. ಪೆಟ್ರೋಲ್ ತುಂಬಿದೆ! ಮುಚ್ಚಿ ಬಟನ್ ಒತ್ತಿದರೆ ಹೊರಟಿತು. ಮತ್ತೆ ಹತ್ತು ನಿಮಿಷ, ಮತ್ತೆ ಕೆಮ್ಮು. ಹೀಗೆ ನಾಲ್ಕು ಸಲ!

"ಕಾರ್ಬ್ಯುರೇಟರ್ ಕೆಟ್ಟಿರ್ಬೇಕು," ಎಂದ ಕೊರ್ಬಿನಿಯನ್.

"ಆಗಲೇ ಪೆಟ್ರೋಲೇ ಸರಿಯಿಲ್ಲ ಅಂದ್ಯಲ್ಲ, ಪಂಡಿತ?"

ಅಂತೂ ಚರ್ಚು ಸೇರಿದರು. ಸಾಲಾಗಿ ನಿಂತ ಬೈಕುಗಳಿಗೆ ಫಾದರ್ ವೆಂಡೆಲಿನ್ ಪುಟ್ಟ ಬಕೆಟ್ಟಿನಿಂದ ಪವಿತ್ರ ಜಲ ಚಿಮುಕಿಸುತ್ತಾ ಬಂದರು. ಅವರಿಗೆ ದಾರಿ ಬಿಡಲು ಕೊರ್ಬಿನಿಯನ್ ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ದೇ ತಡ, ಎಂಜಿನ್ ಆರಿಸದೆ ನಿಲ್ಲಿಸಿದ್ದ ಬೈಕು ತಾನಾಗಿ ಘರ್ಜಿಸಿತು! ಫಾದರ್ ಬೆಚ್ಚಿ ಹಾರಿದರು. ಬಕೆಟ್ಟಿನ ನೀರೆಲ್ಲ ಕೊರ್ಬಿನಿಯನ್ನನ ತಲೆಗೆ. ಆಮೇಲೆ ಬೈಕು ಕೆಮ್ಮಿ ತಣ್ಣಗಾಯಿತು.

ಇಟಲಿ ಕೈತಪ್ಪಿತು ಎಂದುಕೊಂಡ ಕೊರ್ಬಿನಿಯನ್. ಏನೂ ತೋಚದೆ ಮತ್ತೆ ಟ್ಯಾಂಕಿನ ಮುಚ್ಚಳ ತೆಗೆದ. ಸುಸ್ಸ್!

"ತಡಿ!" ಎಂದಳು ವಾಲ್ಬುರ್ಗಾ. "ನನ್ನ ಜಾಮ್ ಬಾಟಲಿ ತೆಗೆದಾಗ ಬರೋ ಸದ್ದೇ ಇದು! ಗಾಳಿ ಒಳಗೆ ಹೋಗ್ದೆ ಪೆಟ್ರೋಲ್ ಕೆಳಗಿಳಿಯೋದು ಹೇಗೆ ಮಾರಾಯಾ?"

ಕೂದಲಿನ ಪಿನ್ ಕಿತ್ತು ಮುಚ್ಚಳದಲ್ಲಿ ಗಾಳಿಗೆಂದೇ ಇದ್ದ ಪುಟ್ಟ ತೂತಿಗೆ ಚುಚ್ಚಿದಳು. ಸಾಸಿವೆಯಷ್ಟು ಮೇಣ ಹೊರಬಂತು! ಆಮೇಲೆ ಹ್ಯಾಂಡಲ್ ಅತ್ತಿತ್ತ ತಿರುಗಿಸುತ್ತಾ ಕೇಬಲ್ಲಿನ ಮೇಲೆ ಬೆರಳಾಡಿಸಿದಳು.

"ನೋಡು, ತಿರುಗಿಸಿದ್ರೆ ಕೇಬಲ್ ಎಳೆದು ತಾನಾಗೇ ಆಕ್ಸಿಲರೇಟರ್ ಕೊಡ್ತಾ ಇದೆ. ಇಷ್ಟು ಬಿಗಿಯೋಕೆ ಇದೇನು ಮೂಟೆನಾ?" ಕೈಚೀಲದ ಕತ್ತರಿಯಿಂದ ಪಟ್ಟಿ ಕತ್ತರಿಸಿದಳು.

ಬಟನ್ ಒತ್ತಿದರೆ ಬೈಕು ಗುಡುಗುಡು ಎಂದಿತು. ಹ್ಯಾಂಡಲ್ ಎತ್ತ ತಿರುಗಿಸಿದರೂ ಅದೇ ಸಮಾಧಾನದ ಗುಡುಗುಡು! ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಕೊರ್ಬಿನಿಯನ್ ಬಾಯಿಬಿಟ್ಟುಕೊಂಡು ನೋಡಿದ. ಅಬ್ಬಬ್ಬಾ, ಎಂಥ ಕಿವಿ! ಎಂಥ ಬೆರಳು! ಫಾದರ್ ಕೂಡ ಅವಳಿಗೆ ಗೌರವದಿಂದ ಟೋಪಿ ತೆಗೆದರು.

"ಇಟಲಿಗೆ...?" ಎಂದ ಅವನು, ಮುಖದ ನೀರು ಒರೆಸಿಕೊಳ್ಳುತ್ತಾ.

"ಬೈಕಲ್ಲೇ ಹೋಗೋಣ. ಪಾಪ, ಅದರದ್ದೇನೂ ತಪ್ಪಿಲ್ಲ."

ಹೀಗೆಂದವಳೇ ಗಾಡಿಯ ಪಕ್ಕದ ಪೆಟ್ಟಿಗೆಯಿಂದ ಮೇಣದ ಡಬ್ಬಿ ತೆಗೆದು ಫಾದರ್ ಕೈಗಿಟ್ಟಳು. "ತಗೊಳ್ಳಿ ಫಾದರ್, ಚರ್ಚಿನ ಬೆಂಚುಗಳಿಗೆ ಹಚ್ಚಿಸಿ. ಅವೇನೂ ಉಸಿರಾಡಬೇಕಾಗಿಲ್ಲ!"