ಸಂಜೆ ಆರೂಕಾಲರ ಸಿಗ್ನಲ್ ದೋಷ

ನಮ್ಮ ಬೀದಿಯಲ್ಲಿ ಮೊಬೈಲ್ ಡೇಟಾ ಅದು ಹೇಗೆ ಕೈಕೊಡುತ್ತದೋ ಒಂದು ಕೈ ನೋಡಿಯೇಬಿಡುತ್ತೇನೆ ಎಂದು ಕಚೇರಿಯಲ್ಲಿ ಎಲ್ಲರೆದುರು ಘೋಷಿಸಿದೆ. ಘೋಷಿಸದೆ ಗತಿಯಿರಲಿಲ್ಲ. ಮೊಬೈಲ್ ಕಂಪನಿಯಲ್ಲಿ ಸೇವೆಯ ಗುಣಮಟ್ಟ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥ ನಾನು. ಊರಿನ ನಕ್ಷೆಯೆಲ್ಲ ಹಸಿರಾಗಿರುವಾಗ ನನ್ನ ಸ್ವಂತ ಬೀದಿ ಮಾತ್ರ ಕೆಂಪು! "ಶುಕ್ರವಾರದೊಳಗೆ ದೋಷ ಸಿಗದಿದ್ರೆ ನಿಮ್ಮ ಕುರ್ಚಿಗೆ ಬೇರೆಯವರನ್ನ ಹುಡುಕ್ತೀನಿ" ಎಂದು ನಮ್ಮ ಮೇಲಧಿಕಾರಿ ಮೇಡಂ ಆಗಲೇ ಹೇಳಿಯಾಗಿತ್ತು.

ನಮ್ಮ ಪದ್ಧತಿ ಸರಳ. ಬೀದಿಗೊಬ್ಬರಂತೆ ಗ್ರಾಹಕರ ಫೋನಿನಲ್ಲಿ ಒಂದು ಆ್ಯಪ್ ಹಾಕುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಅದು ತಾನೇ ಡೇಟಾ ವೇಗ ಅಳೆದು ವರದಿ ಒಪ್ಪಿಸುತ್ತದೆ. ನಮ್ಮ ಬೀದಿಗೆ ನಾನು ಆರಿಸಿದ್ದು ನನ್ನ ಹೆಂಡತಿಯ ಫೋನನ್ನು. ಮನೆಯವಳ ಫೋನು ನನ್ನ ಮಾನ ಕಾಪಾಡೀತು ಎಂಬ ಭರವಸೆ! ಅದೋ, ಹಗಲೆಲ್ಲ ಕುದುರೆಯ ಹಾಗೆ ಓಡಿ, ಸಂಜೆ ಆರೂಕಾಲಿಗೆ ಸರಿಯಾಗಿ ಸೊನ್ನೆ. ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಓಟ. ಭಾನುವಾರ ಇಡೀ ದಿನ ಸೊನ್ನೆ.

"ಎಲ್ಲರೂ ಮನೆಗೆ ಬಂದು ಫೋನ್ ಹಿಡಿಯೋ ಹೊತ್ತು. ದಟ್ಟಣೆ!" ಎಂದು ತೀರ್ಪು ಕೊಟ್ಟೆ.

ಅವತ್ತು ಮನೆಗೆ ಬಂದವನೇ ಅವಳ ಫೋನ್ ಕೇಳಿದೆ.

"ಎಲ್ಲೋ ಇಟ್ಟಿದೀನಿ ರೀ. ಸಿಗ್ತಿಲ್ಲ."

ರಿಂಗ್ ಮಾಡಿದೆ. "ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದಿತು ದನಿ. ಅವರು ನನ್ನ ಎದುರಿಗೇ ಬಟ್ಟೆ ಮಡಚುತ್ತಿದ್ದರು!

"ನೋಡಿದ್ಯಾ? ಎಂಥಾ ದೋಷ!"

"ನಿಮ್ಮ ಫೋನಲ್ಲಿ ಸಿಗ್ನಲ್ ಇದೆಯಲ್ಲ?"

"ಅದು ಕಂಪನಿ ಫೋನು. ಟವರಿಗೆ ಅದರ ಮೇಲೆ ದಾಕ್ಷಿಣ್ಯ."

ಅವಳು ಏನೋ ಹೇಳಲು ಬಾಯಿ ತೆರೆದಳು. ತಜ್ಞ ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕೈಯೆತ್ತಿ ತಡೆದೆ.

ಶುಕ್ರವಾರ ಸಂಜೆ ಮೇಡಂ ಸಮೇತ ದಂಡೇ ಬಂತು. ಒಬ್ಬ ತಾರಸಿ ಹತ್ತಿದ. ಇನ್ನೊಬ್ಬ ಮೀಟರ್ ಹಿಡಿದು ಬಚ್ಚಲುಮನೆಯನ್ನೂ ಬಿಡದೆ ಸುತ್ತಿದ.

"ಸಾರ್, ಇಲ್ಲಿ ಸಿಗ್ನಲ್ ದಂಡಿಯಾಗಿದೆ" ಎಂದ ಮೀಟರಿನವನು. "ಎಲ್ಲಿ, ಆ ಫೋನ್ ಕೊಡಿ."

ಹೆಂಡತಿ ನನ್ನ ಮುಖ ನೋಡಿದಳು, ಮೇಡಂ ಮುಖ ನೋಡಿದಳು, ಅಡುಗೆಮನೆಗೆ ಹೋದಳು. ಹಿಟ್ಟು ಖಾಲಿಯಾದ ಸ್ಟೀಲ್ ಡಬ್ಬಿಯನ್ನು ತಂದು ಬಿಗಿ ಮುಚ್ಚಳ ತೆಗೆದಳು. ಒಳಗೆ ಫೋನು!

"ಇದರೊಳಗೆ ಸಿಗ್ನಲ್ ಎಲ್ಲಿಂದ ಹೊಕ್ಕೀತು?" ಎಂದು ಮೀಟರಿನವನು ನಕ್ಕ.

"ಇಲ್ಲಿ ಯಾಕಮ್ಮಾ ಇಟ್ರಿ?" ಎಂದರು ಮೇಡಂ.

"ಇನ್ನೇನ್ ಮಾಡ್ಲಿ ಮೇಡಂ? ಇವರು ಒಳಗೆ ಕಾಲಿಟ್ಟ ತಕ್ಷಣ ಫೋನ್ ಕಿತ್ಕೊಂಡು ಸ್ಪೀಡ್ ನೋಡ್ತಾರೆ. ಮಂಚದ ಮೇಲೆ ಒಂದ್ಸಲ, ಮೆಟ್ಟಿಲ ಮೇಲೆ ಒಂದ್ಸಲ. ಹೋದ ತಿಂಗಳು ನಮ್ಮಕ್ಕನ ಮಗು ಮೊದಲ ಹೆಜ್ಜೆ ಇಡ್ತಿತ್ತು, ವಿಡಿಯೋ ಕಾಲಲ್ಲಿ ನೋಡ್ತಿದ್ದೆ. ಕಿತ್ಕೊಂಡು, ಸ್ಪೀಡ್ ಚೆನ್ನಾಗಿದೆ ಅಂತ ವಾಪಸ್ ಕೊಟ್ರು. ಅಷ್ಟೊತ್ತಿಗೆ ಮಗು ಕೂತ್ಬಿಟ್ಟಿತ್ತು."

ಎಲ್ಲರೂ ನಕ್ಕರು. ನನಗೆ ಮಾತ್ರ ನಿಜಕ್ಕೂ ನಾಚಿಕೆಯಾಯಿತು. ಆ ದಿನ ನಾನು ಅಂಕಿ ನೋಡಿದ್ದೆನೇ ಹೊರತು ಅವಳ ಮುಖ ನೋಡಿರಲಿಲ್ಲ.

ಮೇಡಂ ವರದಿಯ ಹಾಳೆ ತೆಗೆದರು. "ನೀವು ಮನೆಗೆ ಬರೋದು?"

"ಆರೂಕಾಲಿಗೆ ಮೇಡಂ."

"ಹೋಗೋದು?"

"ಒಂಬತ್ತಕ್ಕೆ."

"ಭಾನುವಾರ?"

"ಮನೇಲೇ."

"ದೋಷ ಸಿಕ್ಕಿತು, ಕುರ್ಚಿ ನಿಮಗೇ ಇರಲಿ" ಎಂದರು ಮೇಡಂ. "ಆದ್ರೆ ಸಿಕ್ಕ ದೋಷ ಸರಿಮಾಡೋದೂ ನಮ್ಮ ಕೆಲಸ ತಾನೇ? ನಾಳೆಯಿಂದ ಒಂಬತ್ತಕ್ಕೇ ಹೊರಟು ಬನ್ನಿ, ರಾತ್ರಿ ಮನೆಯವರು ಮಲಗಿದ ಮೇಲೇ ಹೋಗಿ. ಭಾನುವಾರವೂ ಬನ್ನಿ."

ಮರುತಿಂಗಳು ನಮ್ಮ ಬೀದಿ ಹಸಿರಾಗಿ ಇಡೀ ಊರಿಗೇ ಮೊದಲ ಸ್ಥಾನಕ್ಕೆ ಬಂತು. ಗ್ರಾಹಕರ ಅಭಿಪ್ರಾಯವನ್ನು ಸಭೆಯಲ್ಲಿ ಓದುವುದು ವಿಭಾಗದ ಮುಖ್ಯಸ್ಥನ ಕರ್ತವ್ಯ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನನ್ನ ಹೆಂಡತಿ ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿದೆ:

"ಐದು ನಕ್ಷತ್ರ. ಅಡಚಣೆ ನಿವಾರಿಸಿದ್ದಕ್ಕೆ ಧನ್ಯವಾದ. ದಯವಿಟ್ಟು ಮತ್ತೆ ವಾಪಸ್ ಕಳಿಸಬೇಡಿ."